ತೊರೆದ ಜಾತಿಬೆಕ್ಕು ಮತ್ತು ನಮ್ಮ ಹೊಣೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳಿ ನಗದವರಾರು? ಸುಡುವ ಹಾಲಿಗೆ ಬಾಯಿಟ್ಟ ಆ ಪ್ರಾಣಿಯು ಮುಂದೆ ಹಾಲಿನ ಬಟ್ಟಲನ್ನು ಕಂಡರೇ ಓಡಿಹೋಗುತ್ತಿತ್ತಂತೆ. ಕವಿಯ ಚಾತುರ್ಯವನ್ನು ಮೆಚ್ಚುವ ನಾವು, ಬಡಕಲಾದ ಆ ಬೆಕ್ಕು ಆಮೇಲೆ ಏನಾಯಿತೆಂದು ಕೇಳುವುದಿಲ್ಲ. ನಾನೂ ಕೇಳಿದವನಲ್ಲ. ಬೇಸಗೆಯ ರಜೆಯಲ್ಲಿ ಪಾಂಡವಪುರದ ದೊಡ್ಡಮ್ಮನ ಮನೆಗೆ ಹೋದಾಗ ಅಂತಹುದೇ ಒಂದು ಬೆಕ್ಕು ಕಣ್ಣಿಗೆ ಬಿದ್ದುದರಿಂದ ಈ ವಿಚಾರವನ್ನು ಅಭ್ಯಾಸಮಾಡುವಂತಾಯಿತು.

ಪಕ್ಕದ ಬಾಡಿಗೆಮನೆಯವರು ಊರು ಬಿಡುವಾಗ ತಮ್ಮ ಪರ್ಷಿಯನ್ ಬೆಕ್ಕನ್ನು ಹಿಂದೆಯೇ ಬಿಟ್ಟುಹೋಗಿದ್ದರು. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಬೆಕ್ಕು ಅದು. ಈಗ ಅದರ ಕೂದಲು ಜಡೆಗಟ್ಟಿತ್ತು. ಕಣ್ಣಿನಿಂದ ನೀರು ಸುರಿದು ಮೂಗಿನ ಇಕ್ಕೆಲವೂ ಕಂದಾಗಿತ್ತು. ದೊಡ್ಡಮ್ಮ ಕನಿಕರದಿಂದ ದಿನವೂ ಊಟ ಇಡುತ್ತಿದ್ದರು. “ಮೊಸರನ್ನ ಹಾಕ್ತೀನಲ್ಲ ಮಗ, ಇನ್ನೇನು ಬೇಕಂತೆ ಅದಕ್ಕೆ?” ಎಂದರು. ಈ ಪ್ರಶ್ನೆಗೆ ಉತ್ತರ ನನಗೂ ತಿಳಿದಿರಲಿಲ್ಲ.

ಜಾತಿಬೆಕ್ಕೆಂದರೆ ಮಾನವನು ತನ್ನ ಕಣ್ಣಿಗೆ ಚೆಲುವೆನಿಸಿದ ಲಕ್ಷಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಬೆಳೆಸಿದ ಬೆಕ್ಕು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಹ್ಯಾರಿಸನ್ ವೀರ್ ಎಂಬಾತನು ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದ ತರುವಾಯ ಈ ಹವ್ಯಾಸವು ಬಲವಾಯಿತು. ಪರ್ಷಿಯನ್ ಬೆಕ್ಕಿನ ಮುಖವು ಚಪ್ಪಟೆಯಾದಷ್ಟೂ ಅದರ ಉಸಿರಾಟವು ಕಷ್ಟವಾಗುತ್ತದೆ. ಕಣ್ಣೀರು ಮೂಗಿಗೆ ಇಳಿಯದೆ ಹೊರಗೆ ಹರಿಯುತ್ತದೆ. ಅದರ ನೀಳಗೂದಲನ್ನು ದಿನವೂ ಬಾಚದಿದ್ದರೆ ಗಂಟುಕಟ್ಟಿ ಚರ್ಮವನ್ನು ಎಳೆಯುತ್ತದೆ. ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ರೋಗವೊಂದು ಈ ತಳಿಯಲ್ಲಿ ಹೆಚ್ಚು. ಅದಕ್ಕೆ ಕಾರಣವಾದ ಜೀನಿನ ದೋಷವನ್ನು ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ನಮ್ಮ ನಾಡಬೆಕ್ಕು ಕಣಜದ ಇಲಿಯನ್ನು ಹಿಡಿದು, ತನ್ನ ಮೈಯನ್ನು ತಾನೇ ನೆಕ್ಕಿ ಬದುಕಿಕೊಂಡೀತು. ಇದಕ್ಕಾದರೋ ಅಷ್ಟು ಸುಲಭವಲ್ಲ.

ಇನ್ನು ಆಹಾರದ ಮಾತು. ಟಾರೀನ್ ಎಂಬ ಪದಾರ್ಥವನ್ನು ನಮ್ಮ ದೇಹವು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಆ ಶಕ್ತಿ ಸಾಲದು. ಮಾಂಸ, ಮೀನುಗಳಿಂದಲೇ ಅದು ದೊರೆಯಬೇಕು. ಇದರ ಕೊರತೆಯಿಂದ ಬೆಕ್ಕಿಗೆ ಕುರುಡು ಬರುವುದೆಂದು 1975ರಲ್ಲಿಯೂ, ಹೃದಯವು ದುರ್ಬಲವಾಗುವುದೆಂದು 1987ರಲ್ಲಿಯೂ ಸಂಶೋಧಕರು ಪ್ರಕಟಿಸಿದರು. ಹಾಲಾದರೂ ದೊಡ್ಡ ಬೆಕ್ಕಿಗೆ ಅವಶ್ಯವಲ್ಲ. ಅನೇಕ ಬೆಕ್ಕುಗಳಿಗೆ ಅದು ಅಜೀರ್ಣವನ್ನುಂಟುಮಾಡುತ್ತದೆ. ಆದುದರಿಂದ ದೊಡ್ಡಮ್ಮನ ಮೊಸರನ್ನದಲ್ಲಿ ಪ್ರೀತಿ ಇದ್ದಿತೇ ಹೊರತು ಬೆಕ್ಕಿಗೆ ಬೇಕಾದ ಆಹಾರವಿರಲಿಲ್ಲ.

ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೃಷ್ಣರಾಜಪೇಟೆಯ ನಮ್ಮ ಮನೆಗೆ ತಂದೆನು. ತಂದ ದಿನವೇ ತಪ್ಪು ಮಾಡಿದೆ. ಜಡೆಗಳನ್ನು ಕತ್ತರಿಯಿಂದ ತೆಗೆಯಹೋಗಿ ಹೊಟ್ಟೆಯ ಚರ್ಮವನ್ನು ಸೀಳಿದೆನು. ಜಡೆಯೊಡನೆ ತೆಳುವಾದ ಚರ್ಮವೂ ಮೇಲೆದ್ದು ಬರುತ್ತದೆಂಬುದನ್ನು ಅರಿತಿರಲಿಲ್ಲ. ಬೆಕ್ಕು ಮಂಚದ ಕೆಳಗೆ ಸೇರಿ ಎರಡು ದಿನ ಏನನ್ನೂ ಮುಟ್ಟಲಿಲ್ಲ. ಹಸಿದಾಗ ತಾನೇ ತಿನ್ನುವುದೆಂದು ನಾನು ಸುಮ್ಮನಿದ್ದೆ. ಮೂರನೆಯ ದಿನ ಪಶುವೈದ್ಯರಲ್ಲಿಗೆ ಒಯ್ದಾಗ ಅವರು ಗದರಿದರು. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ಸೇರಿ ಪ್ರಾಣಕ್ಕೇ ಅಪಾಯವಂತೆ. ಅವರು ಗಾಯಕ್ಕೆ ಹೊಲಿಗೆ ಹಾಕಿ, ಯಂತ್ರದಿಂದ ಕೂದಲನ್ನು ಬೋಳಿಸಿದರು. ಬೆಚ್ಚಗೆ ಮಾಡಿದ ಮೀನಿನ ತುಣುಕನ್ನು ಆ ರಾತ್ರಿ ಅದು ನನ್ನ ಬೆರಳಿನಿಂದ ತಿಂದಿತು.

ಅಲ್ಲಿಂದ ಕಲಿತ ಪಾಠವಿಷ್ಟು. ಮೊದಲನೆಯದಾಗಿ, ಹೊಸದಾಗಿ ತಂದ ಬೆಕ್ಕನ್ನು ಮನೆಯ ಇತರ ಬೆಕ್ಕುಗಳಿಂದ ಸುಮಾರು ಎರಡು ವಾರ ಪ್ರತ್ಯೇಕವಾಗಿಡಬೇಕು. ಎರಡನೆಯದಾಗಿ, ಹುಚ್ಚುರೋಗಕ್ಕೂ ಬೆಕ್ಕುಗಳ ಸಾಂಕ್ರಾಮಿಕಗಳಿಗೂ ಚುಚ್ಚುಮದ್ದು ಹಾಕಿಸಬೇಕು. ಮೂರನೆಯದಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗದೆ ಬೇರೆ ಮನೆಗೆ ಕೊಡಬಾರದು.

ಮೂರನೆಯ ನಿಯಮವು ಕೂಡಲೇ ಪರೀಕ್ಷೆಗೆ ಬಂದಿತು. ನಾಗಮಂಗಲದವರೊಬ್ಬರು ಒಳ್ಳೆಯ ಬೆಲೆ ಕೊಡುವೆನೆಂದು ಬಂದರು. ಮರಿ ಮಾಡಿಸಿ ಮಾರುವುದು ಅವರ ಉದ್ದೇಶ. ಔಷಧದ ಸಾಲವಿದ್ದ ನನಗೆ ಆಸೆಯಾಗದಿರಲಿಲ್ಲ. ಆದರೆ ಬೆಕ್ಕಿನ ಗರ್ಭಾವಧಿ ಒಂಬತ್ತು ವಾರ ಮಾತ್ರ. ಒಂದರ ಮೇಲೊಂದು ಸೂಲು ಹೆತ್ತು ಸೊರಗಿದ ಮೇಲೆ ಅದು ಪುನಃ ಬೀದಿಯ ಪಾಲೇ. ನಾನು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಯಾದ ಬಳಿಕ ಶ್ರೀರಂಗಪಟ್ಟಣದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಅದನ್ನು ಸ್ವೀಕರಿಸಿದರು. ದಿನವೂ ಬಾಚುವವರು ಯಾರು, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ನಾನು ಕೇಳಿದೆ. “ನನ್ನನ್ನೇ ಪರೀಕ್ಷೆ ಮಾಡ್ತಿದ್ದೀಯೇನಪ್ಪ!” ಎಂದು ಅವರು ನಕ್ಕರು, ಆದರೂ ಎಲ್ಲಕ್ಕೂ ಉತ್ತರ ಕೊಟ್ಟರು. ತಿಂಗಳ ನಂತರ ಹೋಗಿ ನೋಡಿದೆ. ಕೂದಲು ಚಿಗುರುತ್ತಿತ್ತು. ಬೆಕ್ಕು ನನ್ನನ್ನು ಗುರುತಿಸಲಿಲ್ಲ. ಅದರಿಂದ ಸಂತೋಷವೇ ಆಯಿತು.

ಈ ಪಾಠವು ಶ್ರೀರಂಗಪಟ್ಟಣಕ್ಕೆ ಹೊಸದಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಎಂಬ ಹೆಸರು ಬಂದುದು ಟಿಪ್ಪುವಿನ ಕಾಲದಲ್ಲಿ. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಆರೈಕೆಯಿಲ್ಲದೆ ಆ ಹಿಂಡು ಕ್ಷೀಣಿಸಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಸೇರಿದ ಬಳಿಕವೇ ಚೇತರಿಸಿತು. ಅಂತಹ ಗಟ್ಟಿ ದನದ ತಳಿಗೇ ಈ ಗತಿಯಾದರೆ ಮೆತ್ತೆಯ ಮೇಲೆ ಬೆಳೆದ ಬೆಕ್ಕಿನ ಗತಿಯೇನು?

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣದಂತೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಬೆಕ್ಕಿನ ಬೆಲೆಯ ಮುಂದೆ ಇದು ಏನೂ ಅಲ್ಲ. ದಂಡದ ಭಯವು ಕಾಯದಿದ್ದಲ್ಲಿ ಮನಸ್ಸೇ ಕಾಯಬೇಕು. ತನ್ನನ್ನು ತಾನು ನೋಡಿಕೊಳ್ಳಲಾರದಂತೆ ಒಂದು ಜೀವವನ್ನು ರೂಪಿಸಿದವರು ನಾವು. ಅದನ್ನು ಕಡೆಯತನಕ ನೋಡಿಕೊಳ್ಳುವ ಹೊಣೆಯೂ ನಮ್ಮದೇ. ಕೊಳ್ಳುವ ಮುನ್ನ ಮಿತ್ರರು ಇದನ್ನು ಯೋಚಿಸಲಿ ಎಂಬುದಷ್ಟೇ ನನ್ನ ಬಿನ್ನಹ.