ಸ್ಟಾರ್ಟ್ ಮೆನುವಿನಲ್ಲಿ ಫೈಲ್ ಹುಡುಕಿದರೆ ಬಿಂಗ್ ಏಕೆ ಬರುತ್ತದೆ?

ಯಲಹಂಕದ ಮಿನಿ ವಿಧಾನಸೌಧದ ಸುತ್ತಲಿನ ಟೈಪಿಂಗ್ ಅಂಗಡಿಯಿರಲಿ, ಆರ್.ಟಿ. ನಗರದ ಜೆರಾಕ್ಸ್ ಸೆಂಟರ್ ಇರಲಿ, ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿಯಿರಲಿ, ಕಂಪ್ಯೂಟರ್ ಮುಂದೆ ಕೂತವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಹೋದ ತಿಂಗಳು ಟೈಪ್ ಮಾಡಿದ ಬಾಡಿಗೆ ಕರಾರು ಬೇಕೆಂದು ಸ್ಟಾರ್ಟ್ ಮೆನುವಿನಲ್ಲಿ ಗಿರಾಕಿಯ ಹೆಸರು ಹೊಡೆದರೆ ಫೈಲ್ ಬರುವುದಿಲ್ಲ. ಅದೇ ಹೆಸರಿನ ಯಾವುದೋ ನಟನ ಫೋಟೊ ಬರುತ್ತದೆ.

ಇದು ವೈರಸ್ಸಿನ ಕೆಲಸವಲ್ಲ. 2013ರ ವಿಂಡೋಸ್ 8.1ರಿಂದಲೇ ಮೈಕ್ರೋಸಾಫ್ಟ್ ತನ್ನ ಬಿಂಗ್ ವೆಬ್ ಹುಡುಕಾಟವನ್ನು ಕಂಪ್ಯೂಟರಿನ ಒಳಗಿನ ಹುಡುಕಾಟದ ಜೊತೆ ಬೆರೆಸಿದೆ. ಬೆರಕೆಯ ತೊಂದರೆ ಎಷ್ಟೆಂಬುದು 2020ರ ಫೆಬ್ರುವರಿ 5ರಂದು ಬಯಲಾಯಿತು. ಅಂದು ಮೈಕ್ರೋಸಾಫ್ಟ್ ಸರ್ವರ್ ಕಡೆಯ ದೋಷದಿಂದ ಜಗತ್ತಿನ ಎಷ್ಟೋ ವಿಂಡೋಸ್ 10 ಯಂತ್ರಗಳಲ್ಲಿ ಸ್ಟಾರ್ಟ್ ಹುಡುಕಾಟ ಖಾಲಿ ಪೆಟ್ಟಿಗೆಯಾಯಿತು. ತಮ್ಮದೇ ಡಿಸ್ಕಿನಲ್ಲಿದ್ದ ಫೈಲೂ ಅಲ್ಲಿ ಸಿಗಲಿಲ್ಲ. ಯುರೋಪಿನವರು ಕಾನೂನಿನ ಬಲದಿಂದ ಈಗ ಈ ಬಿಂಗನ್ನು ತೆಗೆದುಹಾಕಬಹುದು. ನಮಗೆ ಆ ಸೌಲಭ್ಯವಿಲ್ಲ, ಸೆಟ್ಟಿಂಗ್ಸ್ ಒಳಗೆ ನಾವೇ ಕೈ ಹಾಕಬೇಕು.

ಮೊದಲು ಸ್ಟಾರ್ಟ್ ಮೆನು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಅಲ್ಲಿ ಸರ್ಚ್ ವಿಭಾಗಕ್ಕೆ ಹೋಗಿ (ಆವೃತ್ತಿಗೆ ತಕ್ಕಂತೆ ಹೆಸರು ಕೊಂಚ ಬೇರೆ ಇರಬಹುದು). ‘ಸರ್ಚ್ ಹೈಲೈಟ್ಸ್’ ಆಫ್ ಮಾಡಿದರೆ ಅಲಂಕಾರ ಹೋಗುತ್ತದೆ, ಬಿಂಗ್ ಹೋಗುವುದಿಲ್ಲ. ಅದಕ್ಕೆ ರಿಜಿಸ್ಟ್ರಿ ಎಡಿಟರ್ ಬೇಕು. ಮೊದಲು ಅದರ ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಕರೆಂಟ್ ಯೂಸರ್ ಎಂಬ ಭಾಗದಲ್ಲಿ ಕ್ರಮವಾಗಿ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ತೆರೆದು, ಒಳಗೆ ‘ಎಕ್ಸ್‌ಪ್ಲೋರರ್’ ಎಂಬ ಕೀ ಇಲ್ಲದಿದ್ದರೆ ಸೃಷ್ಟಿಸಿ. ಅದರಲ್ಲಿ 32 ಬಿಟ್ಟಿನ ಹೊಸ ಡಿವರ್ಡ್ ಮಾಡಿ, ‘ಡಿಸೇಬಲ್ ಸರ್ಚ್ ಬಾಕ್ಸ್ ಸಜೆಶನ್ಸ್’ ಎಂದು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಹೆಸರಿಟ್ಟು, ಮೌಲ್ಯ 1 ಕೊಟ್ಟು, ರೀಸ್ಟಾರ್ಟ್ ಮಾಡಿ. ಧೈರ್ಯ ಸಾಲದಿದ್ದರೆ ಕಂಪ್ಯೂಟರ್ ರಿಪೇರಿಯವರಿಗೆ ಇಷ್ಟು ಓದಿ ಹೇಳಿದರೂ ಸಾಕು. ಹೆಬ್ಬಾಳದ ಕಂಪನಿಗಳ ಲ್ಯಾಪ್‌ಟಾಪ್ ಹಿಡಿದವರು ಮಾತ್ರ ಇದಕ್ಕೆ ಕೈ ಹಾಕಬೇಡಿ, ಅಲ್ಲಿ ಇಂಥದ್ದೆಲ್ಲ ಐಟಿ ವಿಭಾಗದ ಹಿಡಿತದಲ್ಲಿರುತ್ತದೆ.

ಕ್ರಯಪತ್ರ, ವಿಲ್ಲು ಬರೆಯುವ ಅಂಗಡಿಗಳಿಗೆ ಈ ಬಿಂಗ್ ಬೆರಕೆ ಬರೀ ಕಿರಿಕಿರಿಯ ಮಾತಲ್ಲ. ವೆಬ್ ಫಲಿತಾಂಶ ಚಾಲೂ ಇದ್ದರೆ ನೀವು ಒತ್ತಿದ ಗಿರಾಕಿಯ ಹೆಸರು ಬಿಂಗ್‌ಗೂ ಹೋಗುತ್ತದೆ.

ಎರಡನೆಯದು ಡಿ ಡ್ರೈವ್. ವಿಂಡೋಸ್ ಕೆಟ್ಟರೂ ಕಡತ ಉಳಿಯಲಿ ಎಂದು ನಮ್ಮ ಅಂಗಡಿಗಳಲ್ಲಿ ಎಲ್ಲವನ್ನೂ ಡಿ ಡ್ರೈವಿಗೆ ತುಂಬುವುದು ರೂಢಿ. ವಿಂಡೋಸ್‌ನಲ್ಲಿ ಮೊದಲಿನಿಂದ ಇರುವ ‘ಕ್ಲಾಸಿಕ್’ ಹುಡುಕಾಟವೋ, ನಾವು ಹೇಳದ ಹೊರತು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ಡೆಸ್ಕ್‌ಟಾಪ್ ಬಿಟ್ಟು ಆಚೆ ನೋಡುವುದಿಲ್ಲ. ಫೈಲ್ ಸಿಗದಿರಲು ಅಸಲಿ ಕಾರಣ ಬಹಳ ಸಲ ಇದೇ, ಬೈಗುಳ ಮಾತ್ರ ಬಿಂಗಿಗೆ. ಅದೇ ಸರ್ಚ್ ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಹ್ಯಾನ್ಸ್ಡ್’ ಆಯ್ಕೆ ಮಾಡಿದರೆ ಇಡೀ ಕಂಪ್ಯೂಟರಿನ ಸೂಚಿ ತಯಾರಾಗುತ್ತದೆ. ಯಂತ್ರ ಹಳೆಯದಾದರೆ ಅದಕ್ಕೆ ಭಾರ. ಆಗ ಕ್ಲಾಸಿಕ್‌ನಲ್ಲೇ ಉಳಿದು ನಿಮ್ಮ ಕಡತದ ಫೋಲ್ಡರ್ ಒಂದನ್ನೇ ಹುಡುಕುವ ಜಾಗಗಳ ಪಟ್ಟಿಗೆ ಸೇರಿಸಿ. ಇಂಡೆಕ್ಸಿಂಗ್ ಮುಗಿಯುವವರೆಗೆ, ಅಂದರೆ ಬೇಕಾದರೆ ಒಂದು ರಾತ್ರಿ, ಕಂಪ್ಯೂಟರ್ ಆನ್ ಇರಲಿ.

ಮೂರನೆಯದು ವರ್ಡ್. ಅದರ ಒಳಗಿನ ವೆಬ್ ಹುಡುಕಾಟ 2016ರ ಆಫೀಸ್‌ನಲ್ಲಿ ‘ಸ್ಮಾರ್ಟ್ ಲುಕಪ್’ ಎಂದು ಬಂದದ್ದು. ಈಗ ಪದ ಆರಿಸಿ ರೈಟ್ ಕ್ಲಿಕ್ ಮಾಡಿದರೆ ‘ಸರ್ಚ್’ ಎಂದು ಕಾಣುತ್ತದೆ. ಬಿಂಗ್ ತಂದ ವಿವರ ಪಕ್ಕದಲ್ಲೇ ತೆರೆಯುತ್ತದೆ. ಇಂಗ್ಲಿಷ್ ಪತ್ರ ಬರೆಯುವವರಿಗೆ ಇದು ನಿಜಕ್ಕೂ ಅನುಕೂಲ. ಬೇಡವೆನ್ನುವವರು ಫೈಲ್, ಅಕೌಂಟ್, ಮ್ಯಾನೇಜ್ ಸೆಟ್ಟಿಂಗ್ಸ್ ತೆರೆದು ಆನ್‌ಲೈನ್ ವಿಷಯ ಇಳಿಸಿಕೊಳ್ಳುವ ಆಯ್ಕೆಯ ಟಿಕ್ ತೆಗೆಯಬಹುದು. ಜೊತೆಗೆ ಆನ್‌ಲೈನ್ ಚಿತ್ರ, ಟೆಂಪ್ಲೇಟ್‌ಗಳೂ ಹೋಗುತ್ತವೆ.

ಕಡೆಯದಾಗಿ ಕನ್ನಡ ಟೈಪಿಂಗಿನ ನುಡಿ, ಬರಹ ತಂತ್ರಾಂಶಗಳು. ನುಡಿಯಲ್ಲಿ ಬರೆದ ‘ಕ್ರಯಪತ್ರ’ ಎಂಬ ಪದವನ್ನು ವರ್ಡ್‌ನಲ್ಲಿ ಆರಿಸಿ ಸರ್ಚ್ ಒತ್ತಿ ನೋಡಿ. ತಲೆಬುಡವಿಲ್ಲದ ಫಲಿತಾಂಶ ಬಂದೀತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ಕನ್ನಡದ ಆಕಾರ ಕೊಡುವುದು ಫಾಂಟ್ ಮಾತ್ರ. ಬಿಂಗಿಗೂ ವಿಂಡೋಸಿಗೂ ಕಾಣುವುದು ಆ ಕೋಡೇ. ಹೀಗಾಗಿ ಯುನಿಕೋಡ್‌ನಲ್ಲಿ ‘ಕ್ರಯಪತ್ರ’ ಎಂದು ಹುಡುಕಿದರೆ, ನೂರು ಕ್ರಯಪತ್ರ ಡಿಸ್ಕಿನಲ್ಲಿದ್ದರೂ ಉತ್ತರ ಸೊನ್ನೆ.

ನಿಮ್ಮ ಕಡತ ಯಾವ ಜಾತಿಯದು ಎಂದು ತಿಳಿಯಲು ನಾಲ್ಕು ಸಾಲು ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಕೊಂಬು ಕೋಡು ಹಚ್ಚಿದ ಇಂಗ್ಲಿಷ್ ಅಕ್ಷರಗಳಾದರೆ ಹಳೆಯದು. ಫಾಂಟ್ ಹೆಸರು ‘ನುಡಿ 01 ಇ’ ಅಥವಾ ‘ಬಿಆರ್‌ಎಚ್ ಕನ್ನಡ’ ಎಂದಿದ್ದರೂ ಅದೇ ಅರ್ಥ. ತುಂಗಾ, ನಿರ್ಮಲಾ ಆದರೆ ಚಿಂತೆಯಿಲ್ಲ.

ಹೊಸ ಕಡತಗಳನ್ನು ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಕನ್ನಡ ಗಣಕ ಪರಿಷತ್ತಿನ ನುಡಿಯ ಹೊಸ ಆವೃತ್ತಿಯಲ್ಲಿ ಯುನಿಕೋಡ್ ಇದೆ, ಬೆರಳಿಗೆ ಒಗ್ಗಿದ ಕೀಲಿಮಣೆ ವಿನ್ಯಾಸ ಬದಲಿಸಬೇಕಿಲ್ಲ. ಹಳೆಯದನ್ನೆಲ್ಲ ಒಟ್ಟಿಗೆ ಪರಿವರ್ತಿಸಲು ಹೋಗಬೇಡಿ. ದಿನವೂ ತೆರೆಯುವ ನಮೂನೆಗಳನ್ನು ಮಾತ್ರ ಪರಿವರ್ತಕದಲ್ಲಿ ಹಾಕಿ, ಒಂದೊಂದನ್ನೂ ಓದಿ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಬಿಡಬಹುದು. ಅರ್ಕಾವತ್ತು, ಸರ್ವೆ ನಂಬರ್, ಚೆಕ್ಕುಬಂದಿಯ ಅಳತೆ ಕಣ್ಣಿಟ್ಟು ನೋಡಬೇಕಾದ ಜಾಗ. ಮೂಲ ಪ್ರತಿ ಅಳಿಸಬೇಡಿ.

ಪರಿವರ್ತಿಸದ ಹಳೆಯ ಕಡತದಲ್ಲಿ ಒಂದು ಪದ ಬೇಕಾದರೆ ವರ್ಡ್‌ನಲ್ಲೇ ತೆರೆದು, ಕಂಟ್ರೋಲ್ ಎಫ್ ಒತ್ತಿ, ಬರೆದಾಗ ಬಳಸಿದ್ದ ಹಳೆಯ ನುಡಿ ಕೀಲಿಮಣೆಯಲ್ಲೇ ಟೈಪ್ ಮಾಡಿ. ಪೆಟ್ಟಿಗೆಯಲ್ಲಿ ಗೀಚಿದಂತೆ ಕಾಣುತ್ತದೆ, ಆದರೆ ಕೋಡಿಗೆ ಕೋಡು ಹೊಂದುವುದರಿಂದ ಪದ ಸಿಗುತ್ತದೆ. ಕಡತವನ್ನೇ ಹುಡುಕಬೇಕಾದರೆ ಹೆಸರೊಂದೇ ದಾರಿ. ‘ಹೊಸದು 2’, ‘ಫೈನಲ್ ಫೈನಲ್’ ಎಂದು ಸೇವ್ ಮಾಡುವ ಬದಲು ವರ್ಷ, ಪತ್ರದ ಬಗೆ, ಬಡಾವಣೆ, ಈ ಮೂರನ್ನು ಫೈಲ್ ಹೆಸರಿನಲ್ಲಿ ಹಾಕಿ. ಅದೂ ಇಂಗ್ಲಿಷ್ ಅಕ್ಷರದಲ್ಲೋ ಯುನಿಕೋಡ್ ಕನ್ನಡದಲ್ಲೋ ಒಂದೇ ಪದ್ಧತಿ ಇರಲಿ. ಕೀಬೋರ್ಡಿನ ಮುಂದೆ ಇಬ್ಬರು ಹುಡುಗರು ಪಾಳಿಯಲ್ಲಿ ಕೂರುವ ಅಂಗಡಿಯಾದರೆ ಆ ಪದ್ಧತಿಯನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ.