ಸುತ್ತಿಗೆ, ಸಮ್ಮಟಿಗೆ, ಕೊಡತಿ

ಸುತ್ತಿಗೆಯನ್ನು ಕಾಣದ ವಾಚಕರು ಯಾರೂ ಇರಲಾರರು. ಆದರೆ ಕೂಡ್ಲಿಗಿಯ ಸೀಮೆಯ ಗ್ರಾನೈಟ್ ಗುಡ್ಡಗಳಲ್ಲಿ ಬಂಡೆ ಸೀಳುವ ಕಲ್ಲುಕುಟಿಗನ ಮುಂದೆ ನಿಂತು, ಅವನು ಎರಡೂ ಕೈಗಳಿಂದ ಎತ್ತಿ ಬೀಸುವ ಸಾಧನವನ್ನು ಸುತ್ತಿಗೆಯೆಂದು ಕರೆದರೆ ಅವನು ನಕ್ಕಾನು. ಅದು ಸಮ್ಮಟಿಗೆ. ಒಂದು ಕೈಯಲ್ಲಿ ಆಡುವಂಥದು ಸುತ್ತಿಗೆ. ಮರದಿಂದ ಮಾಡಿದ್ದು ಕೊಡತಿ. ಹೊಡೆಯುವ ಕೆಲಸ ಮೂರಕ್ಕೂ ಒಂದೇ ಆಗಿರುವಾಗ ಹೆಸರುಗಳೇಕೆ ಬೇರೆಯಾದುವು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆಡುಮಾತಿನಲ್ಲಿ ಪದಾಂತ್ಯದ ಎಕಾರವು ಹಲವೆಡೆ ಇಕಾರವಾಗುವುದರಿಂದ ಸುತ್ತಿಗೆಯು ಸುತ್ತಿಗಿಯಾಗಿಯೂ ಒನಕೆಯು ಒನಕಿಯಾಗಿಯೂ ಕೇಳಿಬರುತ್ತವೆ. ಈ ಸೀಮೆಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತದಲ್ಲಿದ್ದು, ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ೧೯೫೩ರಲ್ಲಿ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಗಡಿಯ ಆಚೆ ಉಳಿದುವು. ಆದರೆ ಕಮ್ಮಾರನ ಮಾತಿಗೆ ಆ ಗಡಿ ತಡೆಯಾಗಲಿಲ್ಲ. ನಮ್ಮ ಸುತ್ತಿಗೆಯು ತೆಲುಗಿನಲ್ಲಿ ಸುತ್ತೆ, ತಮಿಳಿನಲ್ಲಿ ಸುತ್ತಿಯಲ್, ಮಲಯಾಳದಲ್ಲಿ ಚುಟ್ಟಿಕ. ಸಮ್ಮಟಿಗೆಯು ತೆಲುಗಿನಲ್ಲಿ ಸಮ್ಮೆಟ, ತಮಿಳಿನಲ್ಲಿ ಸಮ್ಮಟ್ಟಿ. ಇದರ ಹತ್ತಿರದ ರೂಪವಾದ ಚಮ್ಮಟಿಗೆಗೆ ಕನ್ನಡದಲ್ಲಿ ಚಾವಟಿಯೆಂಬ ಅರ್ಥವೂ ಉಂಟು. ಹಳೆಯ ಗ್ರಂಥಗಳನ್ನು ಓದುವವರು ಕುದುರೆ ಸವಾರನ ಕೈಯಲ್ಲಿ ಚಮ್ಮಟಿಗೆಯನ್ನು ಕಂಡು, ಅವನು ಕಬ್ಬಿಣದ ಗುಂಡನ್ನು ಹೊತ್ತು ಹೊರಟನೆಂದು ತಿಳಿಯಬಾರದು!

ಕ್ರಿಯಾಪದಗಳಲ್ಲಿಯೂ ಇದೇ ವಿವೇಕವನ್ನು ಕಾಣುತ್ತೇವೆ. ಮೊಳೆಯನ್ನು ಹೊಡೆಯುತ್ತೇವೆ, ಕಾದ ಕಬ್ಬಿಣವನ್ನು ಬಡಿಯುತ್ತೇವೆ, ಭತ್ತವನ್ನು ಒನಕೆಯಿಂದ ಕುಟ್ಟುತ್ತೇವೆ, ಶುಂಠಿಯನ್ನು ಜಜ್ಜುತ್ತೇವೆ. ಮೊಳೆಯನ್ನು ಜಜ್ಜಿದೆನೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಪೆಟ್ಟಿನ ಬಲವು ಸಾಧನದ ತೂಕವನ್ನು ಮಾತ್ರವೇ ಅವಲಂಬಿಸಿರುವುದಿಲ್ಲ. ಅರ್ಧ ಕಿಲೋಗ್ರಾಮಿನ ಸುತ್ತಿಗೆಯು ಸೆಕೆಂಡಿಗೆ ೫ ಮೀಟರ್ ವೇಗದಿಂದ ಬಂದು ಮೊಳೆಗೆ ತಗಲಿತೆನ್ನೋಣ. ಅದರ ಚಲನಶಕ್ತಿ ಸುಮಾರು ೬ ಜೂಲುಗಳಷ್ಟೆ. ಮೊಳೆಯು ೨ ಮಿಲಿಮೀಟರು ಒಳಹೋಗಿ ನಿಂತರೆ, ಆ ಶಕ್ತಿಯೆಲ್ಲ ಅಷ್ಟು ಕಿರಿದಾದ ದೂರದಲ್ಲಿ ವ್ಯಯವಾಗುವುದರಿಂದ, ಮೊಳೆಯ ಮೇಲೆ ಬೀಳುವ ಸರಾಸರಿ ಬಲವು ೩೦೦ ಕಿಲೋಗ್ರಾಮಿಗೂ ಮಿಗಿಲಾದ ಭಾರಕ್ಕೆ ಸಮವಾಗುತ್ತದೆ. ಅದೇ ಪೆಟ್ಟು ೧ ಸೆಂಟಿಮೀಟರು ದೂರದಲ್ಲಿ ನಿಂತರೆ ಬಲವು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಕೊಡತಿಯ ಗುಟ್ಟು ಇದೇ. ಮರವು ತುಸು ಅದುಮಿಕೊಂಡು ಪೆಟ್ಟಿನ ಕಾಲವನ್ನು ಹಿಗ್ಗಿಸುತ್ತದೆ. ಬಡಗಿಯ ಉಳಿಯ ಮರದ ಹಿಡಿಯು ಸೀಳದೆ ಉಳಿಯುತ್ತದೆ.

ಹೀಗೆ ಕಲ್ಲು ಬದಲಾದಂತೆ ಸಾಧನವೂ ಬದಲಾಗಬೇಕು. ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಹಡಗಲಿ ತಾಲ್ಲೂಕಿನ ಹಿರೇಹಡಗಲಿ ಮತ್ತು ಕುರುವತ್ತಿಯ ಪ್ರಾಚೀನ ದೇವಾಲಯಗಳನ್ನು ನೋಡಿದವರು ಅಲ್ಲಿನ ನುಣುಪಾದ ಕೆತ್ತನೆಗೆ ಬೆರಗಾಗುತ್ತಾರೆ. ಕುರುವತ್ತಿಯ ಮದನಿಕೆಯರಂತೂ ಕಂಡರಿಸಿದವರ ಕೈಯನ್ನು ನೆನೆಯುವಂತೆ ಮಾಡುತ್ತಾರೆ. ಅದು ಬಳಪದ ಕಲ್ಲು. ಉಗುರಿಗೂ ಬಗ್ಗುವಷ್ಟು ಮೆದು. ಇಂಥ ಶಿಲೆಗೆ ಹಗುರವಾದ ಪೆಟ್ಟೇ ತಕ್ಕದ್ದು. ಭಾರವಾದ ಪೆಟ್ಟು ಬಿದ್ದರೆ ಬೆರಳಿನೊಡನೆ ಕೈಯೂ ಮುರಿದುಬಿದ್ದೀತು.

ಕೂಡ್ಲಿಗಿಯ ಗ್ರಾನೈಟ್ ಬಂಡೆಯ ಸ್ವಭಾವ ಬೇರೆ. ಅದನ್ನು ಅದುಮಿ ಪುಡಿಮಾಡುವುದು ಬಹು ಕಷ್ಟ. ಆದರೆ ಎಳೆತಕ್ಕೆ ಅದರ ತಾಳಿಕೆ ಅದುಮಿಕೆಯ ತಾಳಿಕೆಯ ಸುಮಾರು ಹತ್ತರಲ್ಲೊಂದು ಮಾತ್ರ. ಈ ದೌರ್ಬಲ್ಯವನ್ನೇ ಕಲ್ಲುಕುಟಿಗನು ಬಳಸಿಕೊಳ್ಳುತ್ತಾನೆ. ಸಾಲಾಗಿ ಗುಳಿಗಳನ್ನು ತೋಡಿ, ಅವುಗಳಲ್ಲಿ ಬೆಣೆಗಳನ್ನಿಟ್ಟು, ಒಂದೊಂದಕ್ಕೂ ಸರದಿಯಂತೆ ಸಮ್ಮಟಿಗೆಯ ಪೆಟ್ಟು ಕೊಡುತ್ತಾನೆ. ಬೆಣೆಯು ಕೆಳಮುಖವಾದ ಪೆಟ್ಟನ್ನು ಪಕ್ಕಕ್ಕೆ ತಿರುಗಿಸುತ್ತದೆ. ಬಂಡೆಯು ಎರಡು ಕಡೆಗೂ ಎಳೆದಂತಾಗಿ ಗುಳಿಗಳ ಸಾಲಿನಲ್ಲಿಯೇ ಬಿರಿಯುತ್ತದೆ. ಹಂಪೆಯ ಬಂಡೆಗಳ ಮೇಲೆ ಇಂಥ ಗುಳಿಗಳ ಸಾಲುಗಳನ್ನು ಇಂದಿಗೂ ಕಾಣಬಹುದು. ನುರಿತವನು ಕಿವಿಯಿಂದಲೇ ಕೆಲಸವನ್ನು ಅಳೆಯುತ್ತಾನೆ: ಗಣ್ ಎನ್ನುವ ನಾದ ಕುಗ್ಗಿ ಬೊಡ್ಡಾಯಿತೆಂದರೆ ಒಳಗೆ ಬಿರುಕು ಹರಿಯಿತೆಂದು ತಿಳಿದುಕೊಳ್ಳುತ್ತಾನೆ.

ಈಗ ಯಂತ್ರದ ಬೈರಿಗೆ ಬಂದಿದೆ. ಕೈಸಾಧನಗಳೆಲ್ಲ ಸೇರಿ 'ಹ್ಯಾಮರ್' ಎಂಬ ಒಂದೇ ಪದದ ಕೆಳಗೆ ಅಡಗುತ್ತಿವೆ. ಪದ ಹೋದರೆ ಹೋಗಲಿ ಎನ್ನುವವರು ಉಂಟು. ನಮಗೆ ಹಾಗೆನಿಸುವುದಿಲ್ಲ. ಹೆಸರೊಂದೇ ಆದಾಗ ಕೈಗೆ ಸಿಕ್ಕಿದ್ದೇ ಸಾಧನವಾಗುತ್ತದೆ. ಮೊಳೆ ಹೊಡೆಯುವುದಕ್ಕೆ ಹದಮಾಡಿದ ಬಡಗಿಯ ಸುತ್ತಿಗೆಯಿಂದ ಕಲ್ಲಿನ ಚಾಣವನ್ನೋ, ಮತ್ತೊಂದು ಸುತ್ತಿಗೆಯ ಮುಖವನ್ನೋ ಹೊಡೆದರೆ, ಗಡುಸಾದ ಎರಡು ಉಕ್ಕುಗಳು ಡಿಕ್ಕಿ ಹೊಡೆದು ಚೂರು ಸಿಡಿಯುತ್ತದೆ. ಕಣ್ಣು ಕಳೆಯಲು ಸಾಸಿವೆಕಾಳಿನಷ್ಟು ಚೂರು ಸಾಕು. ಇದನ್ನರಿತೇ ಕಮ್ಮಾರನು ಚಾಣದ ಬಾಯಿಗೆ ಮಾತ್ರ ನೀರುಹದ ಕೊಟ್ಟು, ಪೆಟ್ಟು ಬೀಳುವ ತಲೆಯನ್ನು ಮೆದುವಾಗಿಯೇ ಬಿಡುತ್ತಾನೆ. ಆ ತಲೆಯು ಪೆಟ್ಟು ತಿಂದು ತಿಂದು ಅಣಬೆಯಂತೆ ಅರಳಿ, ಅಂಚು ಸೀಳತೊಡಗಿದಾಗ ಅದನ್ನು ಸಾಣೆಗೆ ಹಿಡಿದು ತೆಗೆಯಬೇಕು. ಅಲ್ಲಿಯವರೆಗೆ ಆ ಚಾಣವನ್ನು ಬದಿಗಿಡಬೇಕು.