ನಾಳ ತೆರೆಯಿತು, ಸ್ನಾಯು ಇನ್ನೂ ಏಳಬೇಕು

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದೀಯ. ‘ಬ್ಲಾಕ್ ತೆಗೆದರಲ್ಲ, ಇನ್ನೇನು’ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದೀಯಂತೆ. ಕೇಳಿ ಸಂತೋಷವಾಯಿತು, ಸ್ವಲ್ಪ ಭಯವೂ ಆಯಿತು. ತೆಗೆದದ್ದು ನಾಳದೊಳಗಿನ ಅಡ್ಡಿಯನ್ನು ಕಣಪ್ಪಾ. ಪೆಟ್ಟು ಬಿದ್ದದ್ದು ಆ ನಾಳ ಸಾಕುತ್ತಿದ್ದ ಸ್ನಾಯುವಿಗೆ.

ರಕ್ತ ಸಿಗದೆ ಒದ್ದಾಡಿದ ಸ್ನಾಯುವಿನಲ್ಲಿ ಒಂದಿಷ್ಟು ಸತ್ತಿರುತ್ತದೆ, ಅದು ಮರಳಿ ಬರುವುದಿಲ್ಲ. ಸುತ್ತಲಿನದು ಹಾಗಲ್ಲ; ಜೀವ ಇದೆ, ಹಿಂಡುವ ಶಕ್ತಿ ಇಲ್ಲ. ಜೋಮು ಹಿಡಿದ ಕೈ ರಕ್ತ ಹರಿದ ಮೇಲೂ ತುಸು ಹೊತ್ತು ಮಾತು ಕೇಳದಲ್ಲ, ಹಾಗೆ. ಕೈಗೆ ನಿಮಿಷಗಳು ಸಾಕು, ಹೃದಯಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆಸ್ಪತ್ರೆಯ ಎಕೋದಲ್ಲಿ ಇ.ಎಫ್. 38 ಎಂದು ಬರೆದದ್ದನ್ನು ಕಂಡು ನಿನ್ನ ಹೆಂಡತಿ ಊಟ ಬಿಟ್ಟಳಂತೆ. ಅವಳಿಗೆ ಹೇಳು: ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬ ಲೆಕ್ಕ ಅದು. ಗಟ್ಟಿಮುಟ್ಟಾದವರಲ್ಲೂ 55ರಿಂದ 70, ಅಷ್ಟೇ. ಆರು ವಾರವೋ ಮೂರು ತಿಂಗಳೋ ಕಳೆದು ಮತ್ತೆ ಎಕೋ ಮಾಡಿಸಿದಾಗ ಬರುವ ಅಂಕಿಯೇ ಹೆಚ್ಚು ನಂಬತಕ್ಕದ್ದು. ಏರಿಯೇ ಏರುತ್ತದೆ ಎಂದು ಮಾತು ಕೊಡಲಾರೆ. ಬಹಳ ಜನರಿಗೆ ಏರುತ್ತದೆ.

ಬಡಿತ ನಿಧಾನ ಮಾಡುವ ಆ ಮೆಟೊಪ್ರೊಲಾಲ್ ಮಾತ್ರೆಯ ಮೇಲೆ ನಿನಗೆ ಸಿಟ್ಟು, ಗೊತ್ತು. ಆದರೆ ಕೇಳು. ಹೃದಯ ಹಿಂಡಿದಾಗ ಮೈಗೆಲ್ಲ ರಕ್ತ ಹೋಗುತ್ತದೆ, ಅದರ ಎಡಭಾಗದ ಸ್ನಾಯುವಿಗೆ ಮಾತ್ರ ಬಹುಪಾಲು ಸಿಗುವುದು ಸಡಿಲವಾದಾಗ. ಬಿಗಿದುಕೊಂಡಾಗ ಒಳಗಿನ ಸಣ್ಣ ನಾಳಗಳು ಅಮುಕಿಹೋಗುತ್ತವೆ. ಬಡಿತ ಜೋರಾದಷ್ಟೂ ಸಡಿಲದ ಗಳಿಗೆ ಮೋಟಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಸುಮ್ಮನೆ ಕೂತಾಗಲೂ ಬಂದ ರಕ್ತದ ಆಮ್ಲಜನಕದಲ್ಲಿ ಮುಕ್ಕಾಲು ಪಾಲನ್ನು ಹೃದಯ ಹೀರಿಬಿಡುವುದರಿಂದ ಇನ್ನಷ್ಟು ಬೇಕೆಂದರೆ ಇನ್ನಷ್ಟು ರಕ್ತವೇ ಬರಬೇಕು. ಸುಸ್ತಾದರೆ ಡಾಕ್ಟರಿಗೆ ಹೇಳಿ ಡೋಸ್ ಕಡಿಮೆ ಮಾಡಿಸಿಕೊ, ನೀನೇ ನಿಲ್ಲಿಸಬೇಡ.

ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಎರಡು ಮಾತ್ರೆಗಳದ್ದು ಇನ್ನೂ ಕಟ್ಟುನಿಟ್ಟು. ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಹಲ್ಲು ಕೀಳಿಸುವ ನೆಪಕ್ಕೂ ಹೃದಯದ ಡಾಕ್ಟರನ್ನು ಕೇಳದೆ ಬಿಡಬಾರದು. ಹೊಸ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿದರೆ ಮತ್ತದೇ ಕಥೆ. ಬೀಡಿಯ ವಿಷಯ ನಾನು ಹೇಳಬೇಕಾಗಿಲ್ಲ.

ನಡಿಗೆ ಡಾಕ್ಟರು ಹೇಳಿದಷ್ಟೇ. ಉಪ್ಪಿನಕಾಯಿ, ಹಪ್ಪಳ ದೂರವಿಡು. ಬೆಳಿಗ್ಗೆ ಎದ್ದೊಡನೆ ತೂಕ ನೋಡಿ ಬರೆದಿಡು: ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿತೋ, ಕಾಲು ಊದಿತೋ, ಅಂದೇ ಫೋನ್ ಮಾಡು. ರಾತ್ರಿ ಉಸಿರುಕಟ್ಟಿ ಎದ್ದು ಕೂರುವಂತಾದರೆ, ಎದೆ ಮತ್ತೆ ಹಿಂಡಿದಂತಾದರೆ ಬೆಳಗಾಗಲಿ ಎಂದು ಕಾಯಬೇಡ. 108ಕ್ಕೆ ಫೋನ್ ಮಾಡಿಸು. ಮಗನ ಬೈಕಿನ ಹಿಂದೆ ಕೂತು ಹೊರಡಬೇಡ.